ಬಾಲಚರ ನಾಯಕರ ಶಿಕ್ಷಣವೂ ಮನ್ನಣೆಯೂ

(ಶ್ರೀಮಠದ ಮಹೋತ್ಸವದ ಅಂಗವಾಗಿ ಕೊಡಗಿನ ಉಪಾಧ್ಯಾಯರ ಮತ್ತು ಸ್ವಯಂಸೇವಕರ ಗೋಷ್ಠಿಯಲ್ಲಿ ಮಾಡಿದ ಭಾಷಣ)



ಪಾಠಶಾಲೆಯಲ್ಲಿ ಕಾವ್ಯ ವ್ಯಾಕರಣಗಳನ್ನೋದಿ, ಅವನ್ನೇ ಓದಿಸುತ್ತ ಬಂದವನಿಗೆ ಡೇರೆ, ಹಗ್ಗ, ಸೀಟಿಗಳ ವಿಚಾರವೇಕೆ ಎಂದು ತಮ್ಮಲ್ಲಿ ಕೆಲವರಿಗೆ ತೋರಬಹುದು. ಆದರೆ ಇಂದು ನನಗೆ ವಿಧಿಸಿರುವ ವಿಷಯವು ಡೇರೆಯದಲ್ಲ. ಪರರ ಮಕ್ಕಳನ್ನು ತನ್ನ ವಶಕ್ಕೆ ತೆಗೆದುಕೊಂಡು, ವೇತನವನ್ನು ಬಯಸದೆ, ತನ್ನ ಬಿಡುವಿನ ಹೊತ್ತನ್ನೆಲ್ಲ ವ್ಯಯಮಾಡಿ ಅವರನ್ನು ತಿದ್ದುವ ವಯಸ್ಕನನ್ನು ಸಿದ್ಧಪಡಿಸುವುದು ಹೇಗೆ, ಹಾಗೆ ಸಿದ್ಧನಾಗಿ ದುಡಿದವನನ್ನು ಸಮಾಜವು ಗುರುತಿಸಬೇಕಾದುದು ಹೇಗೆ ಎಂಬುದೇ ಪ್ರಶ್ನೆ. ಇದು ಗುರುವನ್ನು ಕುರಿತ ಪ್ರಶ್ನೆಯಾದುದರಿಂದ ಪಾಠಶಾಲೆಗೆ ಹೊರಗಿನದಲ್ಲ. ನಾಯಕ ಎಂದು ನಾನು ಹೇಳುವಲ್ಲೆಲ್ಲ ಸ್ಕೌಟ್ ಮಾಸ್ಟರರಂತೆಯೇ ಗೈಡುಗಳ ಕ್ಯಾಪ್ಟನ್ನರಾದ ಸೋದರಿಯರೂ ಸೇರಿದ್ದಾರೆಂದು ತಾವು ಭಾವಿಸಬೇಕು.

ಈ ಚಳವಳಿಯ ಚರಿತ್ರೆಯಲ್ಲಿಯೇ ನಮಗೆ ಮೊದಲನೆಯ ಪಾಠವಿದೆ. ಇಂಗ್ಲೆಂಡಿನ ಸೇನಾನಿಯಾಗಿದ್ದ ರಾಬರ್ಟ್ ಬೇಡನ್ ಪೊವೆಲ್ಲರು ೧೮೯೯ರಲ್ಲಿ ಸೈನಿಕರಿಗಾಗಿ ಒಂದು ಕೈಪಿಡಿಯನ್ನು ಪ್ರಕಟಿಸಿದರು. ಹೆಜ್ಜೆಯ ಗುರುತು ಹಿಡಿಯುವುದು, ಕಾಡಿನಲ್ಲಿ ದಾರಿ ಕಾಣುವುದು ಮೊದಲಾದ ಅದರ ವಿಷಯಗಳನ್ನು ಬಾಲಕರು ಆಟವಾಗಿ ಆಡತೊಡಗಿದುದನ್ನು ಕಂಡು, ಅವರು ೧೯೦೭ರ ಆಗಸ್ಟಿನಲ್ಲಿ ಬ್ರೌನ್‌ಸೀ ದ್ವೀಪದಲ್ಲಿ ಸುಮಾರು ೨೦ ಮಂದಿ ಬಾಲಕರ ಶಿಬಿರವನ್ನು ನಡೆಸಿದರು. ಮರುವರ್ಷ ಬಾಲಕರಿಗೆಂದೇ ಬೇರೊಂದು ಪುಸ್ತಕವನ್ನು ಬರೆದರು. ಪುಸ್ತಕವನ್ನೋದಿದ ಹುಡುಗರು ಅನೇಕ ಊರುಗಳಲ್ಲಿ ತಾವೇ ತಂಡಗಳನ್ನು ಕಟ್ಟಿಕೊಂಡು, ತರುವಾಯ ತಮಗೊಬ್ಬ ಹಿರಿಯನನ್ನು ಹುಡುಕಿಕೊಂಡರು. ಶಿಷ್ಯರು ಮೊದಲು ಬಂದರು, ಗುರುಗಳು ಅನಂತರ ಬಂದರು. ಆ ಗುರುಗಳಿಗೆ ಶಿಕ್ಷಣ ಕೊಡಲು ಅಲ್ಲಲ್ಲಿ ಪ್ರಯತ್ನಗಳು ನಡೆದಿದ್ದರೂ ಸ್ಥಿರವಾದ ನೆಲೆ ದೊರೆತುದು ೧೯೧೯ರಲ್ಲಿ. ಅಂದರೆ ಪುಸ್ತಕ ಬಂದ ೧೧ ವರ್ಷಗಳ ಮೇಲೆ. ಮ್ಯಾಕ್ಲಾರೆನ್ ಎಂಬ ದಾನಿಯೊಬ್ಬರ ಔದಾರ್ಯದಿಂದ ಲಂಡನ್ನಿನ ಸಮೀಪದ ಗಿಲ್ವೆಲ್ ಪಾರ್ಕ್ ಎಂಬ ಸ್ಥಳವು ಅದಕ್ಕಾಗಿ ಲಭಿಸಿತು.

ನಮ್ಮ ನಾಡಿಗೂ ಈ ಚಳವಳಿ ತಡವಾಗಿ ಬಂದುದಲ್ಲ. ೧೯೦೯ರಲ್ಲಿಯೇ ಕ್ಯಾಪ್ಟನ್ ಟಿ. ಎಚ್. ಬೇಕರರು ಬೆಂಗಳೂರಿನಲ್ಲಿ ಭಾರತದ ಮೊದಲನೆಯ ಸ್ಕೌಟು ದಳವನ್ನು ಸ್ಥಾಪಿಸಿದರು. ಆದರೆ ಅಂದು ಅದರ ಬಾಗಿಲು ಐರೋಪ್ಯ ಮತ್ತು ಆಂಗ್ಲೋ ಇಂಡಿಯನ್ ಬಾಲಕರಿಗೆ ಮಾತ್ರ ತೆರೆದಿತ್ತು. ನಮ್ಮ ಮಕ್ಕಳಿಗೂ ಅದು ದೊರೆಯಬೇಕೆಂದು ಹಟತೊಟ್ಟು ಆನಿ ಬೆಸೆಂಟರು ಮದರಾಸಿನಲ್ಲಿಯೂ, ಪಂಡಿತ ಮದನಮೋಹನ ಮಾಳವೀಯ, ಹೃದಯನಾಥ ಕುಂಜ್ರು, ಶ್ರೀರಾಮ ಬಾಜಪೇಯಿ ಮೊದಲಾದವರು ಪ್ರಯಾಗದಲ್ಲಿಯೂ ಬೇರೆಬೇರೆ ಸಂಸ್ಥೆಗಳನ್ನು ಕಟ್ಟಿದರು. ಸ್ವಾತಂತ್ರ್ಯ ಬಂದ ಬಳಿಕ, ೧೯೫೦ನೆಯ ನವೆಂಬರ್ ೭ರಂದು, ಹಲವು ಕವಲುಗಳು ಕೂಡಿ ಭಾರತ್ ಸ್ಕೌಟ್ಸ್ ಅಂಡ್ ಗೈಡ್ಸ್ ಎಂಬ ಒಂದೇ ಸಂಸ್ಥೆಯಾಯಿತು. ಮರುವರ್ಷ ಗೈಡುಗಳ ಸಂಸ್ಥೆಯೂ ಅದರಲ್ಲಿ ಸೇರಿತು. ಇದರ ರಾಷ್ಟ್ರೀಯ ಶಿಕ್ಷಣ ಕೇಂದ್ರವು ಮಧ್ಯಪ್ರದೇಶದ ಪಚ್‌ಮಢಿಯಲ್ಲಿದೆ. ನಮ್ಮ ರಾಜ್ಯದಲ್ಲಿ ದೊಡ್ಡಬಳ್ಳಾಪುರದಲ್ಲಿಯೂ ಹರಿಹರದ ಕಡೆಯ ಕೊಂಡಜ್ಜಿಯಲ್ಲಿಯೂ ಶಿಬಿರಸ್ಥಾನಗಳಿವೆ.

ಸ್ವಯಂಸೇವಕನನ್ನೂ ಶಿಕ್ಷಣದಿಂದಲೇ ಸಿದ್ಧಗೊಳಿಸಬೇಕೆಂಬ ಅರಿವು ಕನ್ನಡಿಗರಿಗೆ ಹೊರಗಿನಿಂದ ಮಾತ್ರ ಬಂದುದಲ್ಲ. ಹುಬ್ಬಳ್ಳಿಯ ಡಾಕ್ಟರ್ ನಾ. ಸು. ಹರ್ಡೀಕರರು ೧೯೨೩ರಲ್ಲಿ ಕಾಕಿನಾಡದ ಕಾಂಗ್ರೆಸ್ಸಿನ ಕಾಲದಲ್ಲಿ ಹಿಂದುಸ್ತಾನೀ ಸೇವಾದಳವನ್ನು ಸ್ಥಾಪಿಸಿದರು. ಗಾಂಧೀಜಿಯವರು ಅಧ್ಯಕ್ಷರಾಗಿದ್ದ ೧೯೨೪ರ ಬೆಳಗಾವಿಯ ಅಧಿವೇಶನದಲ್ಲಿ ಸ್ವಯಂಸೇವಕರ ವ್ಯವಸ್ಥೆಯನ್ನು ಹೊತ್ತವರು ಅವರೇ. ದೇಶಭಕ್ತಿಯೊಂದಿದ್ದರೆ ಸಾಲದು, ಜನಸಂದಣಿಯನ್ನು ನಡೆಸುವುದು, ನೀರನ್ನು ಒದಗಿಸುವುದು, ರೋಗಿಯನ್ನು ಎತ್ತುವುದು ಇವೆಲ್ಲ ಕಲಿತು ಬರಬೇಕಾದ ವಿದ್ಯೆಗಳೆಂಬುದನ್ನು ಅವರು ಬಲ್ಲವರಾಗಿದ್ದರು.

ಇನ್ನು ಶಾಸ್ತ್ರಪದ್ಧತಿಯಂತೆ ಪೂರ್ವಪಕ್ಷಗಳನ್ನು ಎತ್ತಿಕೊಳ್ಳೋಣ. ಮೊದಲನೆಯ ಪೂರ್ವಪಕ್ಷವಿದು: ಮಕ್ಕಳಲ್ಲಿ ಪ್ರೀತಿಯುಳ್ಳವನಿಗೆ ಶಿಕ್ಷಣವೇಕೆ? ತಾಯಿಯಾದವಳು ಯಾವ ಶಿಬಿರಕ್ಕೆ ಹೋಗಿ ತಾಯ್ತನವನ್ನು ಕಲಿತಳು?

ಸಮಾಧಾನ ಹೇಳುತ್ತೇನೆ. ತಾಯಿಯು ತನ್ನ ಮಗುವನ್ನು ತನ್ನ ಮನೆಯಲ್ಲಿ ಸಾಕುತ್ತಾಳೆ. ಅವಳ ಬಳಿ ಅತ್ತೆಯೋ ಅಕ್ಕನೋ ನಿಂತು ಹೇಳಿಕೊಡುತ್ತಿರುತ್ತಾರೆ. ನಾಯಕನಾದರೋ ಮೂವತ್ತು ಮನೆಗಳ ಮಕ್ಕಳನ್ನು ಮನೆಯ ಹೊರಗೆ ಕರೆದೊಯ್ಯುವವನು. ನಮ್ಮ ಕೊಡಗನ್ನೇ ನೋಡಿ. ೧೭೪೮ ಮೀಟರ್ ಎತ್ತರದ ತಡಿಯಂಡಮೋಳಿಗೆ ಮಕ್ಕಳನ್ನು ಹತ್ತಿಸಬೇಕೆಂದು ಒಬ್ಬ ಉತ್ಸಾಹಿಯು ಹೊರಟನೆನ್ನಿ. ಅರಣ್ಯ ಇಲಾಖೆಯ ಅನುಮತಿಯನ್ನು ಪಡೆಯಬೇಕು, ಮಂಜು ಮುಸುಕಿದರೆ ಎಲ್ಲಿ ನಿಲ್ಲಬೇಕೆಂದು ತಿಳಿದಿರಬೇಕು, ಹಳ್ಳ ಉಕ್ಕುವ ಸೂಚನೆಯನ್ನು ಕಾಣಬೇಕು. ಆನೆಯ ಸುಳಿವು ಕಂಡರೆ ಹಿಂದಿರುಗುವ ಧೈರ್ಯವೂ ಬೇಕು. ಪ್ರೀತಿಯು ಮಕ್ಕಳನ್ನು ಬೆಟ್ಟದ ಬುಡಕ್ಕೆ ಕರೆತಂದೀತು. ಕ್ಷೇಮವಾಗಿ ಮನೆಗೆ ಮುಟ್ಟಿಸುವುದು ವಿದ್ಯೆ.

೨೦೧೮ರ ಆಗಸ್ಟಿನಲ್ಲಿ ನಮ್ಮ ಬೆಟ್ಟಗಳೇ ಕುಸಿದು ಮನೆ ತೋಟಗಳನ್ನು ಕೊಂಡೊಯ್ದುದನ್ನೂ, ಮರುವರ್ಷ ವಿರಾಜಪೇಟೆಯ ಕಡೆ ತೋರದಲ್ಲಿ ಅದೇ ಶೋಕ ಮರುಕಳಿಸಿದುದನ್ನೂ ತಾವು ಮರೆತಿಲ್ಲ. ಅಂಥ ಹೊತ್ತಿನಲ್ಲಿ ಮರುಕಪಡುವವರು ಸಾವಿರ ಜನ ದೊರೆಯುತ್ತಾರೆ. ಬಂದವರ ಹೆಸರುಗಳ ಪಟ್ಟಿಯನ್ನು ಬರೆದಿಡಲು, ನೂರು ಜನರ ಗಂಜಿಗೆ ಅಕ್ಕಿಯ ಲೆಕ್ಕ ಹಾಕಲು, ಗಾಯಕ್ಕೆ ಪಟ್ಟಿ ಕಟ್ಟಲು, ಹೆದರಿದ ಮಕ್ಕಳನ್ನು ಒಂದು ಮೂಲೆಯಲ್ಲಿ ಕೂರಿಸಿ ಆಡಿಸಲು ಬಲ್ಲವರು ಎಷ್ಟು ಜನ ದೊರೆಯುತ್ತಾರೆ? ಈ ಕೆಲಸಗಳೆಲ್ಲ ಸ್ಕೌಟು ನಾಯಕನ ಅಭ್ಯಾಸದಲ್ಲಿ ಬರುವಂಥವು.

ಇದಕ್ಕಿಂತ ಸೂಕ್ಷ್ಮವಾದ ಇನ್ನೊಂದು ಕಲಿಕೆಯುಂಟು. ಕೊಡಗು ಯೋಧರ ನಾಡು. ಶನಿವಾರಸಂತೆಯಲ್ಲಿ ಜನಿಸಿದ ಫೀಲ್ಡ್ ಮಾರ್ಷಲ್ ಕಾರ್ಯಪ್ಪನವರ, ಮಡಿಕೇರಿಯಲ್ಲಿ ಜನಿಸಿದ ಜನರಲ್ ತಿಮ್ಮಯ್ಯನವರ ನಾಡು. ಸಮವಸ್ತ್ರವೆಂದರೆ ನಮಗೆ ಹೊಸದಲ್ಲ. ಸೇನೆಯಿಂದ ನಿವೃತ್ತರಾದ ಹಿರಿಯರು ಊರೂರಿಗೆ ಇದ್ದಾರೆ. ಬೇರೆ ಜಿಲ್ಲೆಗಳಿಗಿಲ್ಲದ ಭಾಗ್ಯವಿದು. ಡೇರೆ ಹೂಡುವುದು, ಹೊತ್ತಿಗೆ ಸರಿಯಾಗಿ ಏಳುವುದು, ದಿಕ್ಕು ತಿಳಿಯುವುದು ಇವನ್ನು ಅವರಿಗೆ ಯಾರೂ ಕಲಿಸಬೇಕಾಗಿಲ್ಲ. ಆದರೆ ಸೇನೆಯಲ್ಲಿ ಆಜ್ಞೆಯು ಮೇಲಿನಿಂದ ಕೆಳಗಿಳಿಯುತ್ತದೆ. ಸ್ಕೌಟು ದಳದಲ್ಲಿ ಆರೇಳು ಮಕ್ಕಳ ಒಂದೊಂದು ತಂಡಕ್ಕೆ ಅವರಲ್ಲಿಯೇ ಒಬ್ಬ ಮುಂದಾಳಿರುತ್ತಾನೆ. ಮುಂದಾಳುಗಳು ಕೂಡಿ ಕುಳಿತು ದಳದ ಕೆಲಸವನ್ನು ಗೊತ್ತುಮಾಡುತ್ತಾರೆ. ನಾಯಕನು ಬಳಿಯಲ್ಲಿದ್ದು ನೋಡುತ್ತಾನೆ. ಸ್ವತಃ ಸೇನಾನಿಯಾಗಿದ್ದ ಬೇಡನ್ ಪೊವೆಲ್ಲರೇ ಕವಾಯಿತಿಗಿಂತ ತಂಡದ ಪದ್ಧತಿಯನ್ನು ಮೇಲೆಂದು ಎಣಿಸಿದರು. ಹುಡುಗನು ಹಚ್ಚಿದ ಒಲೆ ಹೊಗೆಯಾಡುತ್ತಿರುವಾಗ ತಾನೇ ಊದಿ ಹೊತ್ತಿಸದೆ, ಕೈಕಟ್ಟಿ ನಿಲ್ಲುವ ತಾಳ್ಮೆ ದೊಡ್ಡವರಿಗೆ ಸುಲಭವಾಗಿ ಬಾರದು. ಅದನ್ನು ಕಲಿಸುವುದೇ ನಾಯಕ ಶಿಕ್ಷಣದ ಸಾರ.

ಗಿಲ್ವೆಲ್ಲಿನಲ್ಲಿ ೧೯೧೯ರ ಸೆಪ್ಟೆಂಬರಿನಲ್ಲಿ ನಡೆದ ಮೊದಲ ಶಿಬಿರದಿಂದ ಹಿಡಿದು ಇಂದಿನವರೆಗೂ ಈ ಶಿಕ್ಷಣಕ್ಕೆ ಒಂದೇ ಕ್ರಮ. ಅಲ್ಲಿಗೆ ಬಂದ ವಯಸ್ಕರು ಕೆಲವು ದಿನ ತಾವೇ ಬಾಲಕರಾಗಬೇಕು. ತಂಡಗಳಾಗಿ ಡೇರೆಯಲ್ಲಿರಬೇಕು, ಸರದಿಯಂತೆ ಅಡುಗೆ ಮಾಡಬೇಕು, ಕಿರಿಯನೊಬ್ಬ ಮುಂದಾಳಾದಾಗ ಹಿರಿಯನು ಅವನ ಮಾತನ್ನು ಕೇಳಬೇಕು. ನಮ್ಮ ದೇಶದಲ್ಲಿ ಬೇಸಿಕ್, ಅಡ್ವಾನ್ಸ್‌ಡ್, ಹಿಮಾಲಯ ವುಡ್ ಬ್ಯಾಡ್ಜ್ ಎಂದು ಮೂರು ಮೆಟ್ಟಿಲುಗಳಿವೆ. ನಡುನಡುವೆ ನಾಯಕನು ತನ್ನ ದಳಕ್ಕೆ ಹಿಂದಿರುಗಿ ಕಲಿತುದನ್ನು ನಡೆಸಿ ತೋರಿಸಬೇಕು. ಶಿಬಿರದಲ್ಲಿ ಕೇಳಿದುದು ಶ್ರವಣ, ದಳದಲ್ಲಿ ಮಾಡಿದುದು ಅಭ್ಯಾಸ. ಎರಡೂ ಕೂಡಿದಲ್ಲದೆ ವಿದ್ಯೆ ನಿಲ್ಲದು. ನಮ್ಮ ಮಠಗಳಲ್ಲಿ ಮರಿದೇವರಾಗಿ ಬಂದ ವಟುವು ದಾಸೋಹದ ಎಲೆ ತೆಗೆಯುವುದರಿಂದ ಮೊದಲುಮಾಡಿ ಎಲ್ಲ ಸೇವೆಗಳನ್ನೂ ಮಾಡಿದ ಮೇಲಲ್ಲವೇ ದೊಡ್ಡ ಹೊಣೆಗೆ ಅರ್ಹನಾಗುವುದು?

ಮೂರು ಮೆಟ್ಟಿಲುಗಳನ್ನು ಏರಿದವನಿಗೆ ದೊರೆಯುವುದು ದಾರದಲ್ಲಿ ಕಟ್ಟಿದ ಎರಡು ಮರದ ಮಣಿಗಳು. ಆರಂಭದಲ್ಲಿ ಕೊಟ್ಟ ಮಣಿಗಳು ದಕ್ಷಿಣ ಆಫ್ರಿಕದ ಜುಲು ಅರಸು ದಿನಿಜುಲುವಿನ ಹಾರದವೆಂದು ಪ್ರತೀತಿಯಿದೆ. ಈ ಮಣಿಗಳನ್ನು ಬಹುಮಾನವೆಂದು ಭಾವಿಸುವವರುಂಟು, ಅದು ಸರಿಯಲ್ಲ. ಅವು ಕಲಿಕೆಯ ಗುರುತು. ಅವನ್ನು ಧರಿಸಿದವನಿಂದ ಮಕ್ಕಳು ಹೆಚ್ಚನ್ನು ಕೇಳಬಹುದೆಂದು ಅರ್ಥ. ಕೊರಳಲ್ಲಿ ಧರಿಸುವುದು ಆಭರಣವಾಗಬಾರದು, ನಡತೆಯನ್ನು ನೆನಪಿಸುವ ಕುರುಹಾಗಬೇಕು ಎಂಬುದನ್ನು ಈ ಸಭೆಗೆ ನಾನು ವಿವರಿಸಬೇಕಾದುದಿಲ್ಲ.

ಸೇವೆಗೆ ಸಲ್ಲುವ ಮನ್ನಣೆ ಬೇರೆ. ನಮ್ಮ ಸಂಸ್ಥೆಯಲ್ಲಿ ದೀರ್ಘಸೇವೆಯ ಪದಕ, ಮೆಡಲ್ ಆಫ್ ಮೆರಿಟ್, ಸಿಲ್ವರ್ ಸ್ಟಾರ್, ಎಲ್ಲಕ್ಕೂ ಮೇಲೆ ಸಿಲ್ವರ್ ಎಲಿಫೆಂಟ್ ಎಂಬ ಬೆಳ್ಳಿಯಾನೆಯ ಪದಕಗಳಿವೆ. ಜಗತ್ತಿನ ಸ್ಕೌಟು ಸಂಸ್ಥೆಯು ೧೯೩೫ರಿಂದ ಬ್ರಾಂಜ್ ವುಲ್ಫ್ ಎಂಬ ಕಂಚಿನ ತೋಳದ ಪದಕವನ್ನು ಕೊಡುತ್ತ ಬಂದಿದೆ. ಇಲ್ಲಿ ಎರಡನೆಯ ಪೂರ್ವಪಕ್ಷವು ಏಳುತ್ತದೆ: ಫಲವನ್ನು ಬಯಸದೆ ಮಾಡುವುದೇ ಸೇವೆಯಾದರೆ ಪದಕವೇಕೆ, ಮನ್ನಣೆಯೇಕೆ? ಮನ್ನಣೆಯನ್ನು ಬಯಸುವವನು ಕೂಲಿಯನ್ನು ಬೇರೆ ನಾಣ್ಯದಲ್ಲಿ ಕೇಳಿದಂತಲ್ಲವೇ?

ಇದು ಬಲವಾದ ಆಕ್ಷೇಪ. ಆದರೆ ಆಕ್ಷೇಪಿಸುವವರು ಇಬ್ಬರ ಧರ್ಮವನ್ನು ಒಬ್ಬನ ಮೇಲೆ ಹೊರಿಸುತ್ತಾರೆ. ಬಯಸದಿರುವುದು ಸೇವಕನ ಧರ್ಮ. ಮರೆಯದಿರುವುದು ಸಮಾಜದ ಧರ್ಮ. ಸೇವಕನು ಕೇಳಲಿಲ್ಲವೆಂಬುದು ನಾವು ಕೊಡದಿರಲು ನೆವವಾಗದು. ಮತ್ತೊಂದು ಕಾರಣವೂ ಇದೆ. ಯಾರು ಕೆಲಸ ಮಾಡುತ್ತಿದ್ದಾರೆಂದು ಊರು ಅರಿಯದಿದ್ದರೆ, ಆತನಿಗೆ ಕಷ್ಟ ಬಂದಾಗ ಯಾರೂ ನೆರವಾಗುವುದಿಲ್ಲ. ಆತನು ನಿಲ್ಲಿಸಿದಾಗ ಯಾರೂ ಗಮನಿಸುವುದಿಲ್ಲ. ಮನ್ನಣೆಯು ಸೇವಕನ ಸುಖಕ್ಕಿಂತ ಹೆಚ್ಚಾಗಿ ಸೇವೆಯ ಆಯುಷ್ಯಕ್ಕೆ ಬೇಕು.

ನಮ್ಮ ದಳಗಳ ಆಯುಷ್ಯದ ವಿಚಾರವನ್ನು ತಾವು ಸಮಾಧಾನದಿಂದ ಆಲೋಚಿಸಬೇಕು. ಬಹುಪಾಲು ದಳಗಳು ಶಾಲೆಗಳನ್ನು ಆಶ್ರಯಿಸಿವೆ. ಹೊಸದಾಗಿ ಬಂದ ಕಿರಿಯ ಉಪಾಧ್ಯಾಯರೊಬ್ಬರಿಗೆ, ಇದ್ದ ಕೆಲಸಗಳ ಮೇಲೆ ಇದೂ ಒಂದು ಎಂದು, ದಳವನ್ನು ಒಪ್ಪಿಸುವುದುಂಟು. ಅವರು ಕಷ್ಟಪಟ್ಟು ಕಲಿತು, ದಳವು ಕಳೆಗಟ್ಟುವ ಹೊತ್ತಿಗೆ ಬೇರೆ ಊರಿಗೆ ವರ್ಗವಾಗುತ್ತದೆ. ಬಾವುಟ, ಹಗ್ಗ, ಡೇರೆಗಳು ಕಪಾಟು ಸೇರುತ್ತವೆ. ನಷ್ಟವು ಕಪಾಟಿನಲ್ಲಿಲ್ಲ. ಹನ್ನೊಂದು ವರ್ಷದ ಬಾಲಕನು ಮೂರು ಬೆರಳೆತ್ತಿ ಪ್ರತಿಜ್ಞೆಯನ್ನು ಸ್ವೀಕರಿಸಿ, ಪ್ರಥಮ ಸೋಪಾನವನ್ನು ದಾಟಿ, ದ್ವಿತೀಯಕ್ಕೆ ಸಿದ್ಧನಾಗುತ್ತಿರುವಾಗ ಎಲ್ಲವೂ ನಿಂತುಹೋದರೆ, ಹಿರಿಯರ ಮಾತು ಅರ್ಧಕ್ಕೆ ನಿಲ್ಲುವಂಥದೆಂಬ ಪಾಠವನ್ನು ಅವನು ಕಲಿಯುತ್ತಾನೆ. ಆ ಪಾಠವನ್ನು ಅಳಿಸುವುದು ಬಹಳ ಕಷ್ಟ.

ದೊಡ್ಡ ಪೇಟೆಯ ಶಾಲೆಯ ದಳವು ಆಗಸ್ಟ್ ಹದಿನೈದರ ಮೆರವಣಿಗೆಯಲ್ಲಿ ಎಲ್ಲರ ಕಣ್ಣಿಗೆ ಬೀಳುತ್ತದೆ. ೨೦೨೨ರ ಡಿಸೆಂಬರಿನಲ್ಲಿ ಮೂಡುಬಿದಿರೆಯಲ್ಲಿ ನಡೆದ ಅಂತರರಾಷ್ಟ್ರೀಯ ಸಾಂಸ್ಕೃತಿಕ ಜಾಂಬೂರಿಯಂಥ ಮಹಾಸಮ್ಮೇಳನಗಳನ್ನು ನೋಡಿ ನಾವೆಲ್ಲ ಹೆಮ್ಮೆಪಡುತ್ತೇವೆ, ಹೆಮ್ಮೆಪಡತಕ್ಕದ್ದೇ. ಆದರೆ ಕಾಫಿ ತೋಟದ ಲೈನ್ ಮನೆಗಳ ಮಕ್ಕಳು, ಕಾಡಂಚಿನ ಎರವರ, ಕುರುಬರ ಹಾಡಿಗಳ ಮಕ್ಕಳು ಬರುವ ಸಣ್ಣ ಶಾಲೆಯಲ್ಲಿ ಎಂಟು ಮಕ್ಕಳನ್ನು ಕಟ್ಟಿಕೊಂಡು ವಾರವಾರವೂ ದಳ ನಡೆಸುವ ಉಪಾಧ್ಯಾಯಿನಿಯನ್ನು ಯಾರು ಕಾಣುತ್ತಾರೆ? ಹಿತ್ತಲ ಗಿಡ ಮದ್ದಲ್ಲವೆಂಬ ಗಾದೆಯು ನಮ್ಮ ನಾಯಕರ ವಿಷಯದಲ್ಲಿ ನಿತ್ಯವೂ ನಿಜವಾಗುತ್ತಿದೆ.

ನನ್ನ ಸಿದ್ಧಾಂತವು ಇಷ್ಟೇ. ಶಿಕ್ಷಣ, ಮನ್ನಣೆ ಎಂಬುವು ಎರಡು ಇಲಾಖೆಗಳಲ್ಲ. ನಾಯಕನ ಬಳಿಯಲ್ಲಿ ಯಾರಾದರೂ ನಿಂತಿರಬೇಕು. ಅವನು ತಡವರಿಸಿದಾಗ ಬಳಿ ನಿಂತವನು ಹೇಳಿಕೊಟ್ಟರೆ ಅದೇ ಶಿಕ್ಷಣ. ಅವನು ಸಾಧಿಸಿದಾಗ ಬಳಿ ನಿಂತವನು ಕಂಡು ಹೇಳಿದರೆ ಅದೇ ಮನ್ನಣೆ. ದೂರದಿಂದ ಬಂದ ಶಿಕ್ಷಣ ಉಪನ್ಯಾಸವಾಗುತ್ತದೆ. ದೂರದಿಂದ ಬಂದ ಮನ್ನಣೆ ಶಾಲು ಹಾರಗಳಲ್ಲಿ ಮುಗಿಯುತ್ತದೆ.

ಇದನ್ನು ಕಾರ್ಯಕ್ಕೆ ತರಲು ಕೆಲವು ಅಂಶಗಳನ್ನು ಸಭೆಯ ಮುಂದೆ ಅರಿಕೆ ಮಾಡಿಕೊಳ್ಳುತ್ತೇನೆ.

ಮೊದಲನೆಯದು, ಯಾವ ದಳಕ್ಕೂ ಒಬ್ಬನೇ ನಾಯಕನಿರಕೂಡದು, ಇಬ್ಬರಿರಬೇಕು. ಒಬ್ಬರು ಶಾಲೆಯವರಾದರೆ ಇನ್ನೊಬ್ಬರು ಊರಿನವರಾಗಲಿ: ನಿವೃತ್ತ ಸೈನಿಕರು, ತೋಟದ ಗೃಹಸ್ಥರು, ವಿದ್ಯಾವಂತೆಯರಾದ ತಾಯಂದಿರು ಯಾರಾದರೂ ಸರಿ. ಉಪಾಧ್ಯಾಯರು ವರ್ಗವಾಗಿ ಹೋದರೂ ದಳ ಉಳಿಯುತ್ತದೆ. ೧೯೯೭ರಲ್ಲಿ ಕರಡ ಗ್ರಾಮದಲ್ಲಿ ಪಾಂಡಂಡ ಕುಟ್ಟಪ್ಪನವರು ೬೦ ಮನೆತನಗಳನ್ನು ಕೂಡಿಸಿ ಆರಂಭಿಸಿದ ಕೊಡವ ಮನೆತನಗಳ ಹಾಕಿ ಉತ್ಸವವನ್ನು ನೆನೆಯಿರಿ. ಒಂದೊಂದು ಸಲ ಒಂದೊಂದು ಮನೆತನವು ಅದರ ಹೊಣೆಯನ್ನು ಹೊರುತ್ತದೆ. ಭಾರವು ಕೈಯಿಂದ ಕೈಗೆ ದಾಟುವ ಕ್ರಮವಿರುವುದರಿಂದಲೇ ಅದು ಬೆಳೆಯಿತು.

ಎರಡನೆಯದು, ಇಷ್ಟವುಳ್ಳವರೆಲ್ಲ ಅರ್ಹರೆಂದು ತಿಳಿಯಬಾರದು. ಮಕ್ಕಳ ಹೊಣೆಯನ್ನು ಕೊಡುವ ಮುನ್ನ ಆ ವ್ಯಕ್ತಿಯ ನಡತೆಯನ್ನು ಊರಿನಲ್ಲಿ ವಿಚಾರಿಸಬೇಕು. ಮಕ್ಕಳೊಡನೆ ಒಬ್ಬ ವಯಸ್ಕನೇ ಏಕಾಂತದಲ್ಲಿರುವ ಸಂದರ್ಭ ಬಾರದಂತೆ ನೋಡಿಕೊಳ್ಳಬೇಕು. ಲೈಂಗಿಕ ಅಪರಾಧಗಳಿಂದ ಮಕ್ಕಳನ್ನು ಸಂರಕ್ಷಿಸಲು ೨೦೧೨ರಲ್ಲಿ ಆದ ಕಾಯಿದೆಯ ತಿಳಿವಳಿಕೆಯನ್ನು ಪ್ರತಿಯೊಬ್ಬ ನಾಯಕನಿಗೂ ಕೊಡಬೇಕು. ಇದನ್ನು ಸಂಶಯವೆಂದು ಸಜ್ಜನರು ನೊಂದುಕೊಳ್ಳಬಾರದು. ಪರೀಕ್ಷೆಯಿಂದ ಸಜ್ಜನನಿಗೆ ಕುಂದಿಲ್ಲ, ಮಕ್ಕಳಿಗೆ ರಕ್ಷೆಯುಂಟು.

ಮೂರನೆಯದು, ಶಿಬಿರದ ಕಾಲವನ್ನು ನಮ್ಮ ನಾಡಿನ ಕೆಲಸದ ಕಾಲಕ್ಕೆ ಹೊಂದಿಸಬೇಕು. ಕಕ್ಕಡದ ಮಳೆಯಲ್ಲಿ ನಾಟಿ, ಡಿಸೆಂಬರಿನಿಂದ ಮಾರ್ಚಿಯವರೆಗೆ ಕಾಫಿ ಕೊಯ್ಲು. ಕೈಲ್ ಮುಹೂರ್ತಕ್ಕೂ ಹುತ್ತರಿಗೂ ನಡುವೆ, ದಸರೆಯ ರಜೆಯಲ್ಲಿ, ಉಪಾಧ್ಯಾಯರಿಗೂ ಗೃಹಸ್ಥರಿಗೂ ಒಟ್ಟಿಗೆ ಬಿಡುವು ದೊರೆತೀತು. ಆ ದಿನಗಳಲ್ಲಿ ಶಿಬಿರಾರ್ಥಿಗಳಿಗೆ ಮಠದ ಅಂಗಳವನ್ನೂ ದಾಸೋಹವನ್ನೂ ಯಾವ ಭೇದವೂ ಇಲ್ಲದೆ ತೆರೆದಿಡಬೇಕೆಂದು ಶ್ರೀಗಳವರಲ್ಲಿ ವಿಜ್ಞಾಪಿಸುತ್ತೇನೆ.

ನಾಲ್ಕನೆಯದು, ಮೊದಲ ವರ್ಷವೇ ನ��ಯಕನಿಗೆ ಕಠಿಣವಾದುದು. ಆ ವರ್ಷದಲ್ಲಿ ಪಳಗಿದ ನಾಯಕರೊಬ್ಬರು ಮೂರು ನಾಲ್ಕು ಸಲವಾದರೂ ಹೊಸಬರ ದಳಕ್ಕೆ ಹೋಗಿ, ಹಿಂದೆ ಕುಳಿತು ನೋಡಿ, ಕಂಡ ಒಳ್ಳೆಯದನ್ನು ಒಂದು ಕಾಗದದಲ್ಲಿ ಬರೆದು ಕೊಡಲಿ; ತಿದ್ದಬೇಕಾದುದನ್ನು ಬಾಯಲ್ಲಿ ಹೇಳಲಿ. ಆ ಕಾಗದವೇ ಮೊದಲನೆಯ ಪದಕ. ದಾರಿಯ ಖರ್ಚನ್ನು ನಾಯಕನ ಕೈಯಿಂದ ಹಾಕಿಸದಿರುವುದೂ, ಶಿಬಿರಕ್ಕೆ ಹೋಗಲು ಮುಖ್ಯೋಪಾಧ್ಯಾಯರು ಸಂತೋಷದಿಂದ ಅವಕಾಶ ಕೊಡುವುದೂ ಮನ್ನಣೆಯೇ ಸರಿ.

ಐದನೆಯದು, ಪದಕಗಳಿಗೆ ಹೆಸರನ್ನು ಕಳುಹಿಸುವ ಕೆಲಸವನ್ನು ಹತ್ತಿರದಿಂದ ಕಂಡವರು ಮಾಡಬೇಕು. ಸೇವಕನೇ ತನ್ನ ಅರ್ಜಿಯನ್ನು ಬರೆದುಕೊಳ್ಳುವ ಸ್ಥಿತಿ ಬರಬಾರದು. ಹತ್ತು ವರ್ಷ ದುಡಿದು ಬಿಡುವು ಪಡೆಯುವವರನ್ನು ಮೌನವಾಗಿ ಕಳುಹಿಸದೆ, ಮಕ್ಕಳ ಸಮ್ಮುಖದಲ್ಲಿ ಬೀಳ್ಕೊಡಬೇಕು. ಹಿರಿಯರನ್ನು ಹೇಗೆ ಕಾಣಬೇಕೆಂಬುದನ್ನು ಮಕ್ಕಳು ಅಂದು ನೋಡಿ ಕಲಿಯುತ್ತಾರೆ.

ಮಹನೀಯರೆ, ಜಗತ್ತಿನಲ್ಲಿ ಇಂದು ಐದು ಕೋಟಿಗೂ ಮೀರಿದ ಜನರು ಈ ಚಳವಳಿಯಲ್ಲಿದ್ದಾರೆ. ಆ ಸಂಖ್ಯೆಯನ್ನು ಕೇಳಿ ಹಿಗ್ಗುವುದಕ್ಕಿಂತ ನಮ್ಮ ಊರಿನ ಒಂದು ದಳವನ್ನು ಉಳಿಸಿಕೊಳ್ಳುವುದು ಮೇಲು. ಈ ಗೋಷ್ಠಿಯು ಮುಗಿಯುವ ಮುನ್ನ ಪ್ರತಿಯೊಬ್ಬರೂ ಒಂದು ಚೀಟಿಯಲ್ಲಿ ಎರಡು ಹೆಸರುಗಳನ್ನು ಬರೆದು ಕಾರ್ಯದರ್ಶಿಗಳ ಕೈಯಲ್ಲಿ ಕೊಡಬೇಕೆಂದು ಬೇಡುತ್ತೇನೆ: ತಮ್ಮ ಊರಿನಲ್ಲಿ ಈಗ ದಳವನ್ನು ನಡೆಸುತ್ತಿರುವವರದು ಒಂದು, ಅವರ ಬಳಿ ನಿಲ್ಲಬಲ್ಲವರದು ಇನ್ನೊಂದು. ಎರಡನೆಯ ಹೆಸರು ಬೇಗನೆ ಹೊಳೆಯದಿದ್ದಲ್ಲಿ, ತಮ್ಮ ಹೆಸರನ್ನೇ ಬರೆಯಬಹುದೇ ಎಂದು ಒಂದು ಕ್ಷಣ ಆಲೋಚಿಸಬೇಕು.